ತೆಪ್ಪದವನ ಹೆಸರು

ಗೋಣಿಕೊಪ್ಪಲಿನಲ್ಲಿ ಊರವರೇ ಸೇರಿ ನಡೆಸುವ ವಾಚನಾಲಯಕ್ಕೆ ಒಂದು ಮಹಡಿ ಕೋಣೆಯಿದೆ. ಅಲ್ಲಿಗೆ ಮೊದಲ ಸಲ ಹತ್ತಿ ಬಂದ ತಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಮೇಜಿನ ಮೇಲೆ ‘ಬೈಲುದನಿ’ಯ ಹಳೆಯ ಸಂಪುಟಗಳು ಸಾಲಾಗಿ ಕೂತಿದ್ದವು. ಕೆಂಪು ರಟ್ಟು, ಬೆನ್ನಿಗೆ ಕಪ್ಪು ಬಟ್ಟೆ. ಆ ವಾರಪತ್ರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಅದನ್ನು ಹುಟ್ಟುಹಾಕಿ, ಬರೆದು, ಅಚ್ಚು ಹಾಕಿ, ಕೊನೆಗೆ ಕೈಯಾರೆ ಮುಚ್ಚಿದ ಮೊಣ್ಣಪ್ಪನವರೂ ಈಗಿಲ್ಲ. ಅವರ ಮಗಳು ಮನೆಯ ಅಟ್ಟದಲ್ಲಿದ್ದ ಸಂಪುಟಗಳನ್ನೆಲ್ಲ ವಾಚನಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಆ ಸಂಪುಟಗಳ ಅರ್ಧಕ್ಕರ್ಧ ಅಕ್ಷರಗಳು ತಂಗಮ್ಮನ ಬೆರಳುಗಳ ಮೂಲಕವೇ ಹಾದುಹೋಗಿದ್ದವು. ಮದುವೆಗೆ ಮುಂಚೆಯೇ ಕರಿಕೆಯಿಂದ ಬಂದು ಸೋದರಮಾವನ ಮನೆಯಲ್ಲಿದ್ದುಕೊಂಡು ಅವರು ಮೊಣ್ಣಪ್ಪನವರ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕೆಲಸ ಹಿಡಿದಿದ್ದರು. ಮದುವೆಯಾಯಿತು, ಮಕ್ಕಳಾದವು, ಆದರೂ ಪ್ರೆಸ್ಸು ಬಾಗಿಲು ಹಾಕುವವರೆಗೆ ಆ ಕೆಲಸ ಬಿಟ್ಟಿರಲಿಲ್ಲ.

ಈಗ ಅವರನ್ನು ಕರೆಸಿದ್ದು ಅನುಪಮಾ. ಪೊನ್ನಂಪೇಟೆಯ ಹೆಣ್ಣುಮಗಳು, ಮೈಸೂರಿನಲ್ಲಿ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕಂಪನಿಯಲ್ಲಿ ಬಹಳ ವರ್ಷ ದುಡಿದು, ಈಗ ಊರಿಗೆ ಬಂದು ಇದೇ ಕೆಲಸವನ್ನು ವಾಚನಾಲಯಕ್ಕಾಗಿ ಮಾಡುತ್ತಿದ್ದಳು. ಕಂಪ್ಯೂಟರಿಗೆ ಹಳೆಯ ಅಚ್ಚು ಸರಿಯಾಗಿ ಓದಲು ಬರುತ್ತಿಲ್ಲ, ಆ ಅಚ್ಚು ಬಲ್ಲವರು ಯಾರಾದರೂ ಪಕ್ಕದಲ್ಲಿ ಕೂತರೆ ಅನುಕೂಲ ಎಂದು ಅವಳು ಹೇಳಿ ಕಳಿಸಿದ್ದಳು. ಕಂಪ್ಯೂಟರು ಓದುತ್ತದೆ ಎಂದರೆ ಏನೆಂದು ತಂಗಮ್ಮನಿಗೆ ತಿಳಿಯಲಿಲ್ಲ. ನೋಡೋಣ ಅಂತ ಬಂದಿದ್ದರು.

ಅನುಪಮಾ ಒಂದು ಪುಟದ ಚಿತ್ರವನ್ನು ಪರದೆಯ ಮೇಲೆ ತೆರೆದು ತೋರಿಸಿದಳು. ಪುಟ ಸ್ವಲ್ಪ ವಾಲಿಕೊಂಡಿತ್ತು; ಯಂತ್ರ ಅದನ್ನು ತಾನೇ ನೆಟ್ಟಗೆ ಮಾಡಿತು. ಕಾಗದದ ಹಳದಿ, ಗೆದ್ದಲಿನ ಕಲೆ, ಯಾರೋ ಚೆಲ್ಲಿದ ಕಾಫಿಯ ಗುರುತು ಎಲ್ಲವನ್ನೂ ಬಿಳಿ ಮಾಡಿ, ಶಾಯಿಯನ್ನು ಮಾತ್ರ ಕಪ್ಪಾಗಿ ಉಳಿಸಿಕೊಂಡಿತು. ಆಮೇಲೆ ಪುಟವನ್ನು ಕಾಲಂಗಳಾಗಿ, ಕಾಲಮನ್ನು ಸಾಲುಗಳಾಗಿ, ಸಾಲನ್ನು ಪದಗಳಾಗಿ, ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸುತ್ತ ಹೋಯಿತು. ಅಕ್ಷರದ ಸುತ್ತ ಒಂದು ತೆಳು ಗೆರೆಯ ಚೌಕ. ಅದರೊಳಗಿನ ಆಕಾರ ತಾನು ಹಿಂದೆ ಕಲಿತ ಆಕಾರಗಳಲ್ಲಿ ಯಾವುದಕ್ಕೆ ಹತ್ತಿರವೋ ಅದೇ ಇರಬೇಕೆಂದು ಅದು ಊಹಿಸುತ್ತದೆ, ಊಹೆ ಗಟ್ಟಿಯಿಲ್ಲದ ಕಡೆ ಹಳದಿ ಬಣ್ಣ ಬಳಿಯುತ್ತದೆ ಎಂದು ಅನುಪಮಾ ವಿವರಿಸಿದಳು.

ತಂಗಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ನೋಡುತ್ತ ನೋಡುತ್ತ ಅವರಿಗೆ ಇದು ಎಲ್ಲೋ ಕಂಡದ್ದು ಅನ್ನಿಸಿತು. ಪತ್ರಿಕೆ ಅಚ್ಚಾದ ಮರುದಿನ ಬೆಳಗ್ಗೆ ಪ್ರೆಸ್ಸಿನಲ್ಲಿ ಬೇರೆ ಕೆಲಸವಿರುತ್ತಿರಲಿಲ್ಲ. ಜೋಡಿಸಿದ ಪುಟವನ್ನು ಸೀಮೆಎಣ್ಣೆಯಲ್ಲಿ ತೊಳೆದು, ದಾರ ಬಿಚ್ಚಿ, ಒಂದೊಂದೇ ಮೊಳೆಯನ್ನು ಕೈಗೆ ತೆಗೆದುಕೊಂಡು ಮತ್ತೆ ಅದರದರ ಗೂಡಿಗೆ ಹಾಕಬೇಕು. ‘ಕ’ ಕನ ಗೂಡಿಗೆ, ‘ಳ’ ಳನ ಗೂಡಿಗೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ. ಸುದ್ದಿಯೆಲ್ಲ ಕರಗಿ ಬರೀ ಅಕ್ಷರವಾಗಿ ಪೆಟ್ಟಿಗೆ ಸೇರುವ ಆ ಹೊತ್ತು ತಂಗಮ್ಮನಿಗೆ ತುಂಬಾ ಇಷ್ಟ. ಈ ಯಂತ್ರ ಅದನ್ನೇ ಮಾಡುತ್ತಿದೆ, ಕೈಗೆ ಮಸಿಯಾಗದೆ ಮಾಡುತ್ತಿದೆ ಅಷ್ಟೇ ಎಂದುಕೊಂಡು ಅವರು ಕುರ್ಚಿ ಎಳೆದು ಕೂತರು.

ಅಂದಿನಿಂದ ದಿನವೂ ಊಟ ಮುಗಿಸಿ ಬರುವುದು ರೂಢಿಯಾಯಿತು.

ಯಂತ್ರಕ್ಕೆ ಅದರದೇ ಕೆಲವು ಕೆಟ್ಟ ಅಭ್ಯಾಸಗಳಿದ್ದವು. ‘ಮ’ ಕಂಡಲ್ಲೆಲ್ಲ ಅದಕ್ಕೆ ‘ವು’ ಕಾಣುತ್ತಿತ್ತು. ಮಡಿಕೇರಿ ‘ವುಡಿಕೇರಿ’ಯಾಗುತ್ತಿತ್ತು, ಮಳೆ ‘ವುಳೆ’ಯಾಗುತ್ತಿತ್ತು. ಮಡಿಕೇರಿ ಎನ್ನುವುದು ಒಂದು ಊರು ಅಂತ ಅದಕ್ಕೆ ಗೊತ್ತಿಲ್ಲವಲ್ಲ, ಕಣ್ಣಿಗೆ ಕಂಡ ಆಕಾರ ಮಾತ್ರ ಗೊತ್ತು, ಅದಕ್ಕೇ ಪಕ್ಕದಲ್ಲಿ ಒಂದು ಪದಕೋಶ ಇಟ್ಟು ಕಲಿಸಬೇಕು ಎಂದಳು ಅನುಪಮಾ. ತಂಗಮ್ಮ ಊರುಗಳ, ಮನೆತನಗಳ, ಭತ್ತದ ತಳಿಗಳ ಹೆಸರು ಹೇಳುತ್ತ ಹೋದರು; ಅವಳು ಸೇರಿಸುತ್ತ ಹೋದಳು. ಆಮೇಲೆ ಮಡಿಕೇರಿ ಮಡಿಕೇರಿಯಾಗಿಯೇ ಬರತೊಡಗಿತು.

ಕೆಲವು ಕಾಲಂಗಳಲ್ಲಿ ಮಾತ್ರ ಹಳದಿ ಬಣ್ಣ ಎದ್ದು ಕಾಣುತ್ತಿತ್ತು. ಮಾಮೂಲಿ ಅಕ್ಷರಗಳ ನಡುವೆ ಅಲ್ಲೊಂದು ಇಲ್ಲೊಂದು ದಪ್ಪ ಅಕ್ಷರ ನುಗ್ಗಿ ಕೂತಿರುತ್ತಿತ್ತು. ಯಂತ್ರ ಅಲ್ಲಿಗೆ ಬಂದು ಪದವನ್ನೇ ಎರಡು ತುಂಡು ಮಾಡಿಬಿಡುತ್ತಿತ್ತು. ಅನುಪಮಾ ಇದು ಮುದ್ರಣದ ದೋಷವೇ ಎಂದು ಕೇಳಿದಾಗ ತಂಗಮ್ಮ ನಕ್ಕರು. ಅವು ವಿಶಾಲಾಕ್ಷಮ್ಮ ಜೋಡಿಸಿದ ಕಾಲಂಗಳು.

ವಿಶಾಲಾಕ್ಷಮ್ಮ ಅಂದರೆ ಎದುರಿನ ಮೊಳೆಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಗೆಳತಿ. ಮೊಣ್ಣಪ್ಪನವರ ಪ್ರೆಸ್ಸು ಚಿಕ್ಕದು, ಮೊಳೆಗಳು ಕಡಿಮೆ. ಪುಟ ಮುಗಿಯುವ ಹೊತ್ತಿಗೆ ‘ಳ’ ಖಾಲಿಯಾಗುವುದು, ‘ದ’ ಖಾಲಿಯಾಗುವುದು ಪ್ರತಿ ವಾರದ ಗೋಳು. ಆಗ ತಂಗಮ್ಮ ಎದ್ದು ಹೋಗಿ ಮೊಣ್ಣಪ್ಪನವರನ್ನು ಕೇಳಿ, ಆ ಅಕ್ಷರ ಬಾರದ ಬೇರೆ ಪದ ಬರೆಸಿಕೊಂಡು ಬರುತ್ತಿದ್ದರು. ವಿಶಾಲಾಕ್ಷಮ್ಮನಿಗೆ ಅಷ್ಟು ತಾಳ್ಮೆಯಿಲ್ಲ. ತಲೆಬರಹದ ಪೆಟ್ಟಿಗೆಗೆ ಕೈ ಹಾಕಿ ದಪ್ಪ ಮೊಳೆ ಎತ್ತಿ ತುರುಕಿಬಿಡುತ್ತಿದ್ದರು. ಓದುವವರಿಗೆ ಅರ್ಥವಾದರೆ ಸಾಕಲ್ಲವೇ ಎಂಬುದು ಅವರ ವಾದ. ಮೊಣ್ಣಪ್ಪನವರು ಪ್ರೂಫು ನೋಡಿ ತಲೆ ಕೆರೆದುಕೊಂಡು, ತಮ್ಮ ಅರೆಭಾಷೆಯಲ್ಲೇ, “ಎಂಥ ಉಟ್ಟೋ ಅದ್ರಲ್ಲೇ ಮಾಡಿ” ಎಂದು, ಇದ್ದುದರಲ್ಲೇ ಮುಗಿಸಲು ಬಿಟ್ಟು ಹೋಗಿಬಿಡುತ್ತಿದ್ದರು. ಹಿಂದೆ ಕಾಲಿನಿಂದ ತುಳಿಯುವ ಟ್ರೆಡಲ್ ಅಚ್ಚುಯಂತ್ರದ ಧಡಕ್ ಧಡಕ್. ಎದುರಿನ ಹೋಟೆಲಿನಿಂದ ಗಾಜಿನ ಲೋಟದಲ್ಲಿ ಬರುವ ಕಾಫಿ. ಹಾಕಿ ಪಂದ್ಯಗಳ ಕಾಲ ಬಂತೆಂದರೆ ಫಲಿತಾಂಶ ಬರುವವರೆಗೆ ಮೊದಲ ಪುಟವನ್ನು ಕಟ್ಟದೆ ಕಾಯುವುದು. ಕಾಯುವಾಗ ವಿಶಾಲಾಕ್ಷಮ್ಮ ಹೇಳುತ್ತಿದ್ದ ನೆರೆಹೊರೆಯ ಕಥೆಗಳಿಗೆ ಕೊನೆಯಿಲ್ಲ.

ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈಗ ಈ ಪರದೆಯ ಮೇಲೆ, ಯಂತ್ರ ಎಡವಿದ ಕಡೆಯಲ್ಲೆಲ್ಲ ಅವರ ಅವಸರದ ಕೈ ಕಾಣುತ್ತಿತ್ತು. ತಂಗಮ್ಮ ತಿದ್ದಬೇಕಾದ ಪದದ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದದ್ದೂ ಉಂಟು. ಅನುಪಮಾ ಅವಸರ ಮಾಡುತ್ತಿರಲಿಲ್ಲ.

ಹಾಗೆಂದು ತಂಗಮ್ಮ ಹೇಳಿದ್ದೇ ಸರಿ ಅಂತಲೂ ಇರಲಿಲ್ಲ. ಒಂದು ದಿನ ಯಂತ್ರ ‘ಕರಿಕೆ ರಸ್ತೆಗೆ ಜಲ್ಲಿ’ ಎಂದು ಓದಿತು. ಅದು ತಪ್ಪು, ತನ್ನ ಊರಿಗೆ ಆ ಕಾಲದಲ್ಲಿ ಜಲ್ಲಿ ಬಿದ್ದೇ ಇರಲಿಲ್ಲ, ಬೇರೆ ಯಾವುದೋ ಊರಿರಬೇಕು ಎಂದು ತಂಗಮ್ಮ ಹಟ ಹಿಡಿದರು. ಅನುಪಮಾ ಚಿತ್ರವನ್ನು ದೊಡ್ಡದು ಮಾಡಿದಳು. ಕರಿಕೆಯೇ. ಮುಂದಿನ ಸಾಲಿನಲ್ಲಿ ಜಲ್ಲಿ ಹೊಡೆಸಿದ ಮುಖಂಡರ ಹೆಸರೂ ಇತ್ತು, ಅವರು ತಂಗಮ್ಮನಿಗೆ ದೂರದ ಸಂಬಂಧಿ. “ನನ್ನ ಊರಿನ ರಸ್ತೆ ನಂಗೇ ಮರ್ತುಹೋಯ್ತಲ್ಲ ಮಾರಾಯ್ತಿ” ಎಂದು ತಂಗಮ್ಮ ನಕ್ಕರು. ಅನುಪಮಾಗೂ ನಗು ತಡೆಯಲಾಗಲಿಲ್ಲ.

ಓದುವುದೆಲ್ಲ ಮುಗಿದ ಮೇಲೆ ಅನುಪಮಾ ಇನ್ನೊಂದು ಕೆಲಸಕ್ಕೆ ಕೈ ಹಾಕಿದಳು. ಅದಕ್ಕೆ ಸೂಚಿ ಕಟ್ಟುವುದು ಎನ್ನುತ್ತಿದ್ದಳು. ಯಂತ್ರ ತಾನು ಓದಿದ ಪ್ರತಿಯೊಂದು ಪದಕ್ಕೂ ಒಂದು ಗೂಡು ಮಾಡಿ, ಆ ಪದ ಯಾವ ವರ್ಷದ ಯಾವ ಸಂಚಿಕೆಯ ಯಾವ ಪುಟದಲ್ಲಿದೆ ಎಂಬ ಗುರುತನ್ನು ಅದರೊಳಗೆ ಹಾಕಿಡುತ್ತದೆ. ಯಾರಾದರೂ ‘ಏಲಕ್ಕಿ’ ಎಂದು ಕೇಳಿದರೆ ಅದು ಸಂಪುಟಗಳನ್ನು ತಿರುವಿ ಹಾಕುವುದಿಲ್ಲ. ನೇರ ಏಲಕ್ಕಿಯ ಗೂಡಿಗೆ ಹೋಗುತ್ತದೆ. ತಂಗಮ್ಮನಿಗೆ ಇದು ಎರಡನೇ ಸಲ ಹೇಳಿಸಿಕೊಳ್ಳದೆ ಅರ್ಥವಾಯಿತು. ಕಣ್ಣು ಮುಚ್ಚಿಕೊಂಡು ಬೇಕಾದ ಗೂಡಿಗೆ ಕೈ ಹಾಕುವುದನ್ನೇ ಅವರು ಅಷ್ಟು ವರ್ಷ ಮಾಡಿದ್ದು.

ಸೂಚಿ ಸಿದ್ಧವಾದ ಮೊದಲ ದಿನ ಯಾರೂ ಇಲ್ಲದಾಗ ಅವರು ತಮ್ಮದೇ ಹೆಸರನ್ನು ಹುಡುಕಿ ನೋಡಿದರು. ತಂಗಮ್ಮ ಎಂಬವರು ಬಹಳ ಜನ ಸಿಕ್ಕರು. ಮದುವೆಯಾದ ತಂಗಮ್ಮಂದಿರು, ತೀರಿಹೋದ ತಂಗಮ್ಮಂದಿರು, ಹೂವಿನ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಒಬ್ಬ ತಂಗಮ್ಮ. ಪ್ರೆಸ್ಸಿನ ತಂಗಮ್ಮ ಇರಲಿಲ್ಲ. ಅಚ್ಚುಮೊಳೆ ಜೋಡಿಸಿದವರ ಹೆಸರನ್ನು ಯಾವ ಪತ್ರಿಕೆ ಹಾಕುತ್ತದೆ? ಅವರು ಕಿಟಕಿ ಮುಚ್ಚಿ ಮನೆಗೆ ಹೋದರು.

ಹುಡುಕಲು ಬರುವವರಿಗೆ ಕೋಣೆ ತೆರೆದಿದೆ ಎಂದು ಸುದ್ದಿಯಾದ ಮೇಲೆ ಜನ ಬರತೊಡಗಿದರು. ಪೇಟೆಗೆ ಬಂದವರು ಹಾಗೇ ಮಹಡಿ ಹತ್ತುತ್ತಿದ್ದರು. ಒಬ್ಬರಿಗೆ ತಾನು ಆಡಿದ ಹಾಕಿ ಪಂದ್ಯ ಬೇಕು. ಇನ್ನೊಬ್ಬರಿಗೆ ಮನೆ ಒಕ್ಕಲಾದ ದಿನದ ಸುದ್ದಿ. ಕುಟ್ಟ ಕಡೆಯ ತೋಟದ ಯಜಮಾನರೊಬ್ಬರು ತಮ್ಮ ಅಜ್ಜ ಕಾಫಿಗೆ ಬಹುಮಾನ ಪಡೆದದ್ದನ್ನು ಹುಡುಕಿಸಿ, ಪರದೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಹೆಸರು ಹೊಡೆದರೆ ಆಯಿತು, ಪುಟ ತೆರೆದು, ಆ ಹೆಸರಿನ ಸುತ್ತ ಬೆಳಕು ಬಿದ್ದಂತೆ ಬಣ್ಣ ಬರುತ್ತಿತ್ತು. ಬಂದವರು ಆ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು.

ಒಂದು ಸಂತೆಯ ದಿನ ಚೋಮಿ ಬಂದಳು. ಕುಟ್ಟದ ಹತ್ತಿರದ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಹುಟ್ಟಿ ಅಲ್ಲೇ ಮುದುಕಿಯಾದ ಎರವ ಬುಡಕಟ್ಟಿನ ಹೆಂಗಸು. ಸಂತೆಯ ಚೀಲವನ್ನು ಬಾಗಿಲ ಬಳಿ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದಳು. ಕೂತುಕೊಳ್ಳಿ ಎಂದು ತಂಗಮ್ಮ ಎರಡು ಸಲ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತಳು. ಯಜಮಾನರ ಮನೆಯಲ್ಲಿ ಆ ಫೋಟೊ ನೋಡಿದ್ದಳಂತೆ. ಇಲ್ಲಿ ಹಳೆಯ ಪೇಪರು ಸಿಗುತ್ತದೆ ಎಂದು ಕೇಳಿ ತಿಳಿದುಕೊಂಡು ಬಂದಿದ್ದಳು.

“ನಮ್ಮ ಅಪ್ಪನ ಹೆಸರು ಉಂಟಾ ನೋಡ್ಬೇಕಿತ್ತು ಅಮ್ಮ,” ಎಂದಳು. “ಚೋಮ ಅಂತ. ಸಾಯೋವರೆಗೂ ಹೇಳ್ತಿತ್ತು, ನನ್ನ ಹೆಸರು ಪೇಪರಲ್ಲಿ ಉಂಟು ಅಂತ.”

ಅವಳು ಹೇಳಿದ್ದನ್ನು ಒಟ್ಟುಗೂಡಿಸಿದರೆ ವಿಷಯ ಇಷ್ಟು. ಅವಳಿನ್ನೂ ಚಿಕ್ಕವಳಿದ್ದಾಗ ಒಂದು ಮಳೆಗಾಲ ಹೊಳೆ ಉಕ್ಕಿ ಬೈಲೆಲ್ಲ ಕೆರೆಯಾಯಿತು. ಕುಟ್ಟದಿಂದ ಬರುತ್ತಿದ್ದ ಬಸ್ಸು ನಡುನೀರಿನಲ್ಲಿ ಸಿಕ್ಕಿಕೊಂಡಿತು. ತೋಟದಲ್ಲಿ ಬಿದಿರು ಕಡಿಯುತ್ತಿದ್ದ ಚೋಮ ಆ ಬಿದಿರನ್ನೇ ಬಳ್ಳಿಯಿಂದ ಬಿಗಿದು ತೆಪ್ಪ ಮಾಡಿ, ಬಸ್ಸಿನಲ್ಲಿದ್ದವರನ್ನು ಕೆಲವರಂತೆ ದಡಕ್ಕೆ ತಂದು ಬಿಟ್ಟ. ಆ ವಾರದ ಪತ್ರಿಕೆ ಬಂದಾಗ ತೋಟದ ಲೆಕ್ಕ ಬರೆಯುವ ರೈಟರು ಅದನ್ನು ತೋರಿಸಿ, ಇದರಲ್ಲಿ ನಿನ್ನ ವಿಷಯ ಹಾಕಿದ್ದಾರೆ ಕಣೋ ಎಂದಿದ್ದರು. ಚೋಮನಿಗೆ ಓದು ಬಾರದು. ಆದರೆ ಆ ಮಾತನ್ನು ಅವನು ಬದುಕಿರುವ ತನಕ ಎಲ್ಲರಿಗೂ ಹೇಳಿಕೊಂಡು ಬಂದ. ಲೈನಿನಲ್ಲಿ ಕೆಲವರು ನಂಬಿದರು, ಕೆಲವರು ಕುಡಿದು ಹೇಳುತ್ತಾನೆ ಎಂದರು.

ಅನುಪಮಾ ‘ಚೋಮ’ ಎಂದು ಹೊಡೆದಳು. ಏನೂ ಸಿಗಲಿಲ್ಲ. ಯಂತ್ರದ ಹಳೆಯ ಚಾಳಿ ನೆನಪಾಗಿ ‘ಚೋವು’ ಎಂದು ಹೊಡೆದಳು. ‘ಜೋಮ’, ‘ಚೊಮ’, ಅದಕ್ಕೆ ಹತ್ತಿರದ ಇನ್ನಷ್ಟು ರೂಪಗಳನ್ನು ಕೊಟ್ಟು ನೋಡಿದಳು. ಇಲ್ಲ. ಯಂತ್ರ ತಪ್ಪು ಓದಿದ್ದರೆ ಇಷ್ಟರಲ್ಲಿ ಎಲ್ಲಾದರೂ ಬರಬೇಕಿತ್ತು ಎಂದು ಅವಳು ತಂಗಮ್ಮನ ಕಡೆ ನೋಡಿದಳು. ಹೆಸರನ್ನು ಬಿಟ್ಟು ‘ತೆಪ್ಪ’ ಅಂತ ಹುಡುಕು ಎಂದರು ತಂಗಮ್ಮ. ತೆಪ್ಪ ಹಲವು ಕಡೆ ಇತ್ತು; ಅದರ ಜೊತೆಗೆ ‘ಬಸ್ಸು’ ಸೇರಿಸಿದಾಗ ಒಂದೇ ಪುಟ ಉಳಿಯಿತು.

‘ಪ್ರವಾಹದಲ್ಲಿ ಸಿಲುಕಿದ ಬಸ್ಸು: ಪ್ರಯಾಣಿಕರು ಪಾರು.’ ತಂಗಮ್ಮ ಮನಸ್ಸಿನಲ್ಲೇ ಓದಿಕೊಂಡರು. ಬಸ್ಸಿನ ಮಾಲೀಕರ ಹೆಸರಿತ್ತು. ಸ್ಥಳಕ್ಕೆ ಭೇಟಿ ಕೊಟ್ಟ ಅಧಿಕಾರಿಗಳ ಹೆಸರಿತ್ತು. ದಡದಲ್ಲಿ ಕಾಫಿ, ತಿಂಡಿ ಕೊಟ್ಟು ಉಪಚರಿಸಿದ ಮನೆತನದ ಹೆಸರಿತ್ತು. ಪ್ರಯಾಣಿಕರಲ್ಲಿ ಉಪಾಧ್ಯಾಯಿನಿ ಬೋಜಮ್ಮನವರೂ ಇದ್ದರೆಂದು ಬರೆದಿತ್ತು. ನಡುವೆ ಒಂದು ಸಾಲು: ‘ಸಮೀಪದ ತೋಟದ ಕೂಲಿಯಾಳೊಬ್ಬನು ತೆಪ್ಪದ ಸಹಾಯದಿಂದ ಎಲ್ಲರನ್ನೂ ದಡ ಸೇರಿಸಿದನು.’ ಅಷ್ಟೇ.

ಆ ಸಾಲನ್ನು ಜೋಡಿಸಿದ್ದು ತಾನೋ ವಿಶಾಲಾಕ್ಷಮ್ಮನೋ ಎಂದು ತಂಗಮ್ಮ ನೆನಪು ಮಾಡಿಕೊಳ್ಳಲು ನೋಡಿದರು. ಆಗಲಿಲ್ಲ. ಸಾಲಿನಲ್ಲಿ ದಪ್ಪ ಅಕ್ಷರವೊಂದೂ ಇರಲಿಲ್ಲ.

ಹೆಸರಿದೆ ಎಂದು ಹೇಳಿಬಿಟ್ಟರೆ ಈ ಹೆಂಗಸು ಸಂತೋಷದಿಂದ ಬಸ್ಸು ಹತ್ತುತ್ತಾಳಲ್ಲ ಅನ್ನಿಸಿತು ಅವರಿಗೆ. ಆದರೆ ಚೋಮಿ ಆಗಲೇ ಎದ್ದು ಪರದೆಯ ಹತ್ತಿರ ಬಂದಿದ್ದಳು. ಆಶ್ರಮಶಾಲೆಯಲ್ಲಿ ಸ್ವಲ್ಪ ದಿನ ಕಲಿತಿದ್ದೇನೆ, ಅಕ್ಷರ ಕೂಡಿಸಿ ಓದುತ್ತೇನೆ ಎಂದಳು. “ಎಲ್ಲಿ ಬರ್ದಿದೆ, ಬೆರಳಿಟ್ಟು ತೋರ್ಸಿ ಅಮ್ಮ.”

ತಂಗಮ್ಮ ಬೆರಳಿಟ್ಟರು. ಚೋಮಿ ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಓದಿದಳು. ಕೂ. ಲಿ. ಯಾ. ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬಂದಳು.

“ಹೆಸರು ಹಾಕಿಲ್ಲ ಚೋಮಿ,” ಎಂದರು ತಂಗಮ್ಮ. “ಸುದ್ದಿ ಬರೆದವರು ಕೇಳಿಲ್ಲ ಕಾಣುತ್ತೆ.”

ಚೋಮಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಅಪ್ಪಂಗೆ ಓದಕ್ಕೆ ಬರದೆ ಇದ್ದದ್ದೇ ಒಳ್ಳೇದಾಯ್ತು” ಎಂದು ಮಾತ್ರ ಹೇಳಿ ಚೀಲದ ಕಡೆ ತಿರುಗಿದಳು.

ತಂಗಮ್ಮನಿಗೆ ಅವಳನ್ನು ಹಾಗೆ ಕಳಿಸಲು ಮನಸ್ಸಾಗಲಿಲ್ಲ. ಕೈ ಹಿಡಿದು ಕೂರಿಸಿದರು. ಹೆಸರನ್ನು ಈಗ ಸೇರಿಸಲು ಬರುವುದಿಲ್ಲವೇ ಎಂದು ಅನುಪಮಾಳನ್ನು ಕೇಳಿದರು. ಅವಳು ಯೋಚಿಸಿ ಉತ್ತರ ಕೊಟ್ಟಳು. ಪುಟದ ಚಿತ್ರವನ್ನು ಮುಟ್ಟುವ ಹಾಗಿಲ್ಲ. ಅದರ ಹಿಂದೆ ಯಂತ್ರ ಓದಿಟ್ಟ ಪಠ್ಯವನ್ನೂ ಬದಲಾಯಿಸಬಾರದು; ಅಂದು ಏನು ಅಚ್ಚಾಯಿತೋ ಅದು ಹಾಗೇ ಇರಬೇಕು, ಇಲ್ಲವಾದರೆ ನಾಳೆ ಇದನ್ನು ಯಾರೂ ನಂಬುವುದಿಲ್ಲ. ಆದರೆ ಪ್ರತಿ ಪುಟಕ್ಕೂ ಪಕ್ಕದಲ್ಲಿ ಒಂದು ಖಾಲಿ ಜಾಗವಿದೆ. ಪುಟದಲ್ಲಿ ಇಲ್ಲದ, ಆದರೆ ಆ ಪುಟಕ್ಕೆ ಸಂಬಂಧಪಟ್ಟ ಪದಗಳನ್ನು ಕೈಯಿಂದ ಬರೆದಿಡುವ ಜಾಗ. ಅಲ್ಲಿ ಬರೆದದ್ದೂ ಸೂಚಿಗೆ ಸೇರುತ್ತದೆ. ಹುಡುಕಿದರೆ ಸಿಗುತ್ತದೆ.

“ಆದ್ರೆ ಆಂಟಿ, ಗೊತ್ತಿರೋರು ಒಬ್ರು ಹೇಳ್ಬೇಕು,” ಎಂದಳು ಅನುಪಮಾ. “ಇವರ ಮಾತನ್ನ ನಾನು ನಂಬ್ತೀನಿ. ನಾಳೆ ಬೇರೆಯವರು ಬಂದು ನಮ್ಮಜ್ಜನೂ ತೆಪ್ಪ ಹಾಕಿದ್ದ ಅಂದ್ರೆ ಏನ್ ಹೇಳ್ಲಿ?”

ಅದೂ ಸರಿಯೇ ಎಂದು ಚೋಮಿಯೇ ಒಪ್ಪಿದಳು. ತಂಗಮ್ಮ ಮತ್ತೆ ಪುಟದ ಕಡೆ ನೋಡಿದರು. ಉಪಾಧ್ಯಾಯಿನಿ ಬೋಜಮ್ಮ. ಅನುಪಮಾಳೂ ಅದೇ ಹೊತ್ತಿಗೆ ಆ ಹೆಸರನ್ನು ನೋಡಿ, ತಟ್ಟನೆ ಮೊಬೈಲು ಕೈಗೆತ್ತಿಕೊಂಡಳು. ಅವಳಿಗೆ ಅಕ್ಷರ ಕಲಿಸಿದ್ದೇ ಬೋಜಮ್ಮ ಟೀಚರು. ನಿವೃತ್ತರಾಗಿ ಪೊನ್ನಂಪೇಟೆಯಲ್ಲೇ ಮಗಳ ಮನೆಯಲ್ಲಿದ್ದರು. ಹೊರಗೆ ಓಡಾಟ ಕಡಿಮೆ, ಮಾತು ಮಾತ್ರ ಮೊದಲಿನಂತೆಯೇ ಖಣಖಣ.

ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟು, ಹೆಸರು ಬಾಯಿಬಿಡದೆ ಅನುಪಮಾ ಕೇಳಿದಳು. ಬಸ್ಸು ನೀರಿನಲ್ಲಿ ಸಿಕ್ಕಿದ್ದ ದಿನ ನೆನಪಿದೆಯೇ ಟೀಚರ್? ದಡಕ್ಕೆ ಕರೆತಂದವರು ಯಾರು?

ಬೋಜಮ್ಮ ಶುರುಮಾಡಿದರು. ನೀರು ಸೀಟಿನವರೆಗೆ ಬಂದಿತ್ತು. ಎಲ್ಲರೂ ಸೀಟಿನ ಮೇಲೆ ಹತ್ತಿ ನಿಂತಿದ್ದರು. ಕಿಟಕಿಯಿಂದ ನೋಡಿದರೆ ಕಂಬಳಿ ಹೊದ್ದ ಒಬ್ಬ ಬಿದಿರ ಮೇಲೆ ನಿಂತು ಬರುತ್ತಿದ್ದ, ನೀರಿನ ಮೇಲೆ ನಡೆದು ಬಂದ ಹಾಗೆ. ಮೊದಲು ಮಕ್ಕಳು, ಆಮೇಲೆ ಬಸುರಿ ಹೆಂಗಸು, ಆಮೇಲೆ ಉಳಿದವರು ಎಂದು ಅವನೇ ನಿಯಮ ಮಾಡಿದ. ತಾನು ಮೊದಲು ಇಳಿಯಬೇಕೆಂದು ಗಲಾಟೆ ಮಾಡಿದ ಒಬ್ಬ ದೊಡ್ಡ ಮನುಷ್ಯರನ್ನು ಕೊನೆಯ ಸರದಿಗೆ ಬಿಟ್ಟ. ಅವನ ಅಂಗೈಯೆಲ್ಲ ಬಳ್ಳಿ ಕೊಯ್ದು ರಕ್ತ ಬರುತ್ತಿತ್ತು. ಬೋಜಮ್ಮ ತಮ್ಮ ಕರವಸ್ತ್ರ ಕಟ್ಟಲು ಹೋದರೆ ಬೇಡವೆಂದ.

“ಕಟ್ಟೋಕೆ ಹೋದಾಗ್ಲೇ ಹೆಸರು ಕೇಳ್ದೆ,” ಎಂದರು ಬೋಜಮ್ಮ. “ಚೋಮ ಅಂದ. ನಮ್ಮ ಶಾಲೆಯ ಮಕ್ಕಳಿಗೆಲ್ಲ ಆ ಹೆಸರು ಹೇಳಿ ಕಥೆ ಮಾಡಿ ಹೇಳ್ತಿದ್ದೆ. ನಿಂಗೂ ಹೇಳಿದ್ನಲ್ಲ ಅನುಪಮಾ, ತೆಪ್ಪದ ಚೋಮನ ಕಥೆ? ನೀನು ಅದು ಸುಳ್ಳು ಕಥೆ ಅಂದ್ಕೊಂಡಿದ್ದೆಯಾ?”

ಅನುಪಮಾಗೆ ಆ ಕಥೆ ನೆನಪಿತ್ತು. ಅವಳು ಅದನ್ನು ರಾಜಕುಮಾರರ, ನರಿಗಳ ಕಥೆಗಳ ಜೊತೆಗೇ ಇಟ್ಟುಕೊಂಡಿದ್ದಳು. ಚೋಮನ ಮಗಳು ಇಲ್ಲೇ ಕೂತಿದ್ದಾರೆ ಟೀಚರ್ ಎಂದಳು.

ಚೋಮಿ ಅಷ್ಟು ಹೊತ್ತು ಅತ್ತಿರಲಿಲ್ಲ. ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿ ಬೋಜಮ್ಮ ಕರೆಯುತ್ತಲೇ ಇದ್ದರು.

ಖಾಲಿ ಜಾಗದಲ್ಲಿ ಹೆಸರು ಬರೆದದ್ದು ತಂಗಮ್ಮ. ಕೀಲಿಮಣೆ ಅವರಿಗಿನ್ನೂ ಪೂರ್ತಿ ಒಗ್ಗಿರಲಿಲ್ಲ; ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು. ಚೋಮ. ತೆಪ್ಪ ನಡೆಸಿದವರು. ಹೇಳಿದವರು: ಪ್ರಯಾಣಿಕರಾಗಿದ್ದ ಬೋಜಮ್ಮ ಟೀಚರ್, ಮಗಳು ಚೋಮಿ. ಪತ್ರಿಕೆಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸಿದ್ದು ಎಂದು ಸ್ಪಷ್ಟವಾಗಿ ಬರೆಯಿರಿ ಎಂದಳು ಅನುಪಮಾ; ಅದನ್ನೂ ಬರೆದರು. ಅನುಪಮಾ ಸೂಚಿಯನ್ನು ಮತ್ತೆ ಕಟ್ಟಿಸಿದಳು. ಮುಗಿದ ಮೇಲೆ ಚೋಮಿಯನ್ನು ಮುಂದೆ ಕೂರಿಸಿ, ನೀವೇ ಹುಡುಕಿ ಎಂದರು. ಚೋಮಿ ಹೆದರುತ್ತ ಹೆದರುತ್ತ ತಂಗಮ್ಮ ತೋರಿಸಿದ ಗುಂಡಿಗಳನ್ನು ಒತ್ತಿದಳು. ಪುಟ ತೆರೆಯಿತು. ಸಾಲು ಮೊದಲಿನಂತೆಯೇ ಇತ್ತು, ಕೂಲಿಯಾಳೊಬ್ಬನು. ಪಕ್ಕದಲ್ಲಿ ಬಣ್ಣದೊಳಗೆ ಚೋಮ.

ಅವಳು ಅದನ್ನು ಮೂರು ನಾಲ್ಕು ಸಲ ಮುಚ್ಚಿ, ಮತ್ತೆ ಹುಡುಕಿ, ತೆರೆಸಿದಳು. ಯಾರು ಹುಡುಕಿದರೂ ಬರುತ್ತಾ ಎಂದು ಕೇಳಿದಳು. ಯಾರು ಹುಡುಕಿದರೂ ಎಂದಳು ಅನುಪಮಾ.

ಅದಾದ ಮೇಲೆ ಆ ಕೋಣೆಗೆ ಬೇರೆ ರೀತಿಯ ಜನರೂ ಬರತೊಡಗಿದರು. ಚೋಮಿ ಲೈನಿನಲ್ಲಿ ಏನು ಹೇಳಿದಳೋ, ಮುಂದಿನ ಸಂತೆಗಳಲ್ಲಿ ಅವಳ ಜೊತೆ ಒಬ್ಬಿಬ್ಬರು ಇರುತ್ತಿದ್ದರು. ಅವರು ಹುಡುಕಲು ಬಂದವರಲ್ಲ, ಹೇಳಲು ಬಂದವರು. ಹಾಕಿ ಮೈದಾನ ಮಟ್ಟ ಮಾಡಿದವರ ಹೆಸರು, ಬಹುಮಾನ ಪಡೆದ ಕಾಫಿಯನ್ನು ಕೊಯ್ದವರ ಹೆಸರು. ಎಲ್ಲವನ್ನೂ ಸೇರಿಸಲು ಆಗಲಿಲ್ಲ. ಹೌದು ಎನ್ನಲು ಮತ್ತೊಬ್ಬರು ಸಿಕ್ಕಿದ್ದನ್ನು ಮಾತ್ರ ಸೇರಿಸಿದರು. ತಂಗಮ್ಮನ ಬೆರಳು ದಿನದಿಂದ ದಿನಕ್ಕೆ ಚುರುಕಾಯಿತು. ಒಂದು ಮಧ್ಯಾಹ್ನ, ಅನುಪಮಾ ಕಾಫಿಗೆ ಹೋಗಿದ್ದಾಗ, ದಪ್ಪ ಅಕ್ಷರಗಳಿದ್ದ ಒಂದು ಪುಟ ತೆರೆದು, ಪಕ್ಕದ ಜಾಗದಲ್ಲಿ ವಿಶಾಲಾಕ್ಷಮ್ಮನ ಹೆಸರು ಬರೆದರು. ಸಾಕ್ಷಿಗೆ ತಮ್ಮ ಹೆಸರು ಹಾಕಿದರು.

ಬೋಜಮ್ಮ ಟೀಚರು ಬಿಡದೆ ಹೇಳಿಕಳಿಸುತ್ತಿದ್ದರಿಂದ ಒಂದು ದಿನ ತಂಗಮ್ಮ ಚೋಮಿಯನ್ನು ಕರೆದುಕೊಂಡು ಪೊನ್ನಂಪೇಟೆಗೆ ಹೋದರು. ಬೋಜಮ್ಮ ಜಗಲಿಯಲ್ಲೇ ಕಾದು ಕೂತಿದ್ದರು. ಚೋಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಮುಖದಲ್ಲಿ ಆ ಕಂಬಳಿಯವನನ್ನು ಹುಡುಕುವವರಂತೆ ಬಹಳ ಹೊತ್ತು ನೋಡಿದರು. ಕಾಫಿ ಬಂತು, ಅಕ್ಕಿ ರೊಟ್ಟಿ ಬಂತು. ಮಾತು ಮತ್ತೆ ಹೊಳೆಗೇ ಹೋಯಿತು.

ತೆಪ್ಪ ಹತ್ತಲು ತನಗೆ ಬಹಳ ಹೆದರಿಕೆಯಾಗಿತ್ತು ಎಂದರು ಬೋಜಮ್ಮ. ನನಗೆ ಈಜು ಬರುವುದಿಲ್ಲ ಎಂದು ಚೋಮನ ಹತ್ತಿರ ಹೇಳಿಯೂಬಿಟ್ಟಿದ್ದರು. ಹೆದರಬೇಡಿ ಟೀಚರಮ್ಮ, ಬಿದ್ದರೆ ಎತ್ತುವುದಕ್ಕೆ ನಾನಿದ್ದೇನೆ ಎಂದಿದ್ದನಂತೆ ಅವನು. ಆ ಒಂದು ಮಾತಿನ ಧೈರ್ಯದಲ್ಲಿ ತಾನು ಕಣ್ಣು ಬಿಟ್ಟುಕೊಂಡು ದಡದವರೆಗೆ ಬಂದೆ ಎಂದರು ಅವರು.

ಚೋಮಿ ಲೋಟವನ್ನು ಕೆಳಗಿಟ್ಟಳು. ಹೇಳಲೋ ಬೇಡವೋ ಎನ್ನುವಂತೆ ತಂಗಮ್ಮನ ಮುಖ ನೋಡಿದಳು.

“ಅಪ್ಪಂಗೆ ಈಜು ಬರ್ತಿರ್ಲಿಲ್ಲ ಟೀಚರಮ್ಮ,” ಎಂದಳು. “ಹೊಳೆ ಅಂದ್ರೆ ಭಾರಿ ಹೆದರಿಕೆ. ಸ್ನಾನಕ್ಕೂ ಇಳೀತಿರ್ಲಿಲ್ಲ.”

ಬೋಜಮ್ಮ ಅವಳನ್ನೇ ನೋಡಿದರು. ಆಮೇಲೆ ಅವರ ಭುಜ ಅಲ್ಲಾಡತೊಡಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಂಗಮ್ಮನಿಗೆ ಮೊದಲು ತಿಳಿಯಲಿಲ್ಲ. ಚೋಮಿಗೂ ನಗು ಬಂತು. ಮೂವರೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದುದನ್ನು ಕೇಳಿ ಬೋಜಮ್ಮನ ಮಗಳು ಅಡುಗೆಮನೆಯಿಂದ ಹೊರಗೆ ಬಂದು, ಎಂಥ ಆಯಿತು ಎಂದು ಕೇಳಿದಳು.